ಪಾರ್ಕ್ ಎದುರಿನ ಮನೆಗೆ ಒಂದೂವರೆ ಪಾಲು: ಲೇಔಟ್ ಪಾರ್ಕಿನ ಖರ್ಚನ್ನ ಸೈಟುಗಳಿಗೆ ಹಂಚೋದು ಹೇಗೆ

ನಮ್ಮ ಲೇಔಟ್ ಪಾರ್ಕಿನ ಬೋರ್‌ವೆಲ್ ಮೋಟಾರ್ ಮೂರನೇ ಸಲ ಸುಟ್ಟೋದಾಗ, ರೀವೈಂಡಿಂಗಿಗೆ ದುಡ್ಡು ಎತ್ತಕ್ಕೆ ಅಂತ ರಸೀದಿ ಬುಕ್ ಹಿಡ್ಕೊಂಡು ನಾನೂ ನಮ್ಮ ಅಸೋಸಿಯೇಷನ್ ಪ್ರೆಸಿಡೆಂಟರೂ ಮನೆ ಮನೆ ತಿರುಗಿದ್ವಿ. ಗಣೇಶನ ಹಬ್ಬಕ್ಕೆ ಕೇಳೋ ಹಾಗೇ ಕೇಳಿದ್ದು, ಎಲ್ಲರಿಗೂ ಒಂದೇ ರೇಟು, ಮನೆಗೆ ಐನೂರು. ಪಾರ್ಕ್ ಎದುರಿನವರು ಮಾತಾಡ್ದೆ ಕೊಟ್ರು, ಹಿಂದಿನ ಕ್ರಾಸಿನವರು "ನಾವು ಆ ಕಡೆ ತಲೆನೇ ಹಾಕಲ್ವಲ್ರೀ" ಅಂದ್ರು, ಪಿಜಿ ಓನರ್ ಅಂತೂ ಗೇಟೇ ತೆಗೀಲಿಲ್ಲ, ಆದ್ರೆ ಅವರ ಪಿಜಿಯ ನಲವತ್ತು ಹುಡುಗರು ಸಾಯಂಕಾಲ ಆದ್ರೆ ನಮ್ಮ ಪಾರ್ಕ್ ಬೆಂಚಲ್ಲೇ ಇರ್ತಾರೆ. ಕೊನೆಗೆ ಪ್ರತಿ ಸಲ ಕೊಡೋದು ಅದೇ ಹತ್ತು ಹನ್ನೆರಡು ಮನೆಯವರು, ಎರಡು ವರ್ಷ ಆಗೋ ಹೊತ್ತಿಗೆ ಅವರಿಗೂ ಸಾಕಾಯ್ತು.

ಆಗ ನಾನು ಜನ ಜುಗ್ಗರು ಅಂದ್ಕೊಂಡಿದ್ದೆ. ಆದ್ರೆ ತಪ್ಪು ನಮ್ಮ ಲೆಕ್ಕದಲ್ಲೇ ಇತ್ತು. ಎಲ್ಲರಿಗೂ ಸಮ ಅನ್ನೋದು ನ್ಯಾಯ ಅಲ್ಲ ಅಂತ ಕೊಡದೇ ಇದ್ದವರಿಗೆ ಗೊತ್ತಿತ್ತು, ಕೇಳಕ್ಕೆ ಹೋದ ನಮಗೇ ಗೊತ್ತಿರಲಿಲ್ಲ. ಅದಕ್ಕೇ ಯಾವ ಸೈಟಿಗೆ ಎಷ್ಟು ಲಾಭವೋ ಅಷ್ಟೇ ಪಾಲು ಅನ್ನೋ ದಾರಿ ಹಿಡಿದ್ವಿ, ಅದನ್ನ ಹೇಗೆ ಮಾಡೋದು ಅಂತ ಬರೀತಿದೀನಿ, ನಿಮ್ಮ ಲೇಔಟಿಗೂ ಆಗಬಹುದು.

ಇದು ನಾವು ಕಂಡುಹಿಡಿದಿದ್ದೇನಲ್ಲ. ಇಂಗ್ಲಿಷ್ನವರು ಬೆನಿಫಿಟ್ ಅಸೆಸ್ಮೆಂಟ್ ಅಂತಾರೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾರ್ಕು, ಬೀದಿ ದೀಪ ನೋಡ್ಕೊಳ್ಳಕ್ಕೆ ಹೀಗೆ ಹಣ ಎತ್ತಬಹುದು ಅಂತ 1972ರಲ್ಲೇ ಒಂದು ಕಾಯ್ದೆ ಮಾಡಿದಾರೆ. ಬೆಂಗಳೂರಿನವರಿಗೆ ಹತ್ತಿರದ ಉದಾಹರಣೆ ಬೇಕಂದ್ರೆ ಬೆಟರ್‌ಮೆಂಟ್ ಚಾರ್ಜಸ್, ಖಾತಾಗೋಸ್ಕರ ಅಲೆದವರಿಗೆಲ್ಲ ಆ ಹೆಸರು ಕೇಳಿದ್ರೆ ಹೊಟ್ಟೆ ಉರಿಯತ್ತೆ. ಬಿಡಿಎ, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಲ್ಲೂ ಬೆಟರ್‌ಮೆಂಟ್ ಟ್ಯಾಕ್ಸ್ ಅಂತ ಇದೆ, ಬಡಾವಣೆ ಯೋಜನೆಯಿಂದ ಪಕ್ಕದ ಜಮೀನಿನ ಬೆಲೆ ಏರಿದ್ರೆ ಅದರಲ್ಲಿ ಒಂದು ಪಾಲು ಕೊಡಪ್ಪಾ ಅನ್ನೋದು ಅದರ ತಿರುಳು. ಅದು ಒಂದೇ ಸಲ ಕಟ್ಟೋದು, ನಮ್ಮ ಪಾರ್ಕಿನ ಪಾಲು ವರ್ಷ ವರ್ಷ, ಪಾರ್ಕ್ ಮಾಡಕ್ಕಲ್ಲ, ಮಾಡಿರೋ ಪಾರ್ಕನ್ನ ಹಸಿರಾಗಿ ಇಟ್ಕೊಳ್ಳಕ್ಕೆ.

ಕ್ಯಾಲಿಫೋರ್ನಿಯಾದವರ ಹತ್ರ ಕಲಿಯೋದು ಎರಡೇ ವಿಷಯ, ಎರಡೂ 1996ರ ಪ್ರೊಪೊಸಿಷನ್ 218 ಅನ್ನೋ ಮತದಾನದಲ್ಲಿ ಗಟ್ಟಿಯಾಗಿದ್ದು. ಒಂದು, ಆ ಸೈಟಿಗೆ ಮಾತ್ರ ಸಿಗೋ ವಿಶೇಷ ಲಾಭಕ್ಕಷ್ಟೇ ದುಡ್ಡು ಕೇಳಬೇಕು, ಊರಿಗೆಲ್ಲ ಸಿಗೋ ಲಾಭವನ್ನ ಸೈಟಿನವರ ತಲೆ ಮೇಲೆ ಹಾಕೋ ಹಾಗಿಲ್ಲ. ಇನ್ನೊಂದು, ಓನರ್‌ಗಳಿಗೆಲ್ಲ 45 ದಿನ ಮುಂಚೆ ನೋಟಿಸ್ ಕೊಟ್ಟು ಅಂಚೆಯಲ್ಲಿ ವೋಟ್ ಕೇಳಬೇಕು, ಎಷ್ಟು ಡಾಲರ್ ಕಟ್ಟಬೇಕೋ ಅಷ್ಟು ತೂಕ ಅವರ ವೋಟಿಗೆ, ವಾಪಸ್ ಬಂದ ವೋಟುಗಳಲ್ಲಿ ಬೇಡ ಅನ್ನೋರ ತೂಕ ಜಾಸ್ತಿ ಆದ್ರೆ ಅಲ್ಲಿಗೆ ಮುಗೀತು. ಮೊದಲನೇ ನಿಯಮ ಎಷ್ಟು ಬಿಗಿ ಅಂದ್ರೆ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಬಯಲು ಜಾಗ ಉಳಿಸಕ್ಕೆ ಅಂತ ಮನೆಗೆ ವರ್ಷಕ್ಕೆ ಬರೀ 20 ಡಾಲರ್ ಹಾಕಿದ್ದನ್ನ ಅಲ್ಲಿನ ಸುಪ್ರೀಂ ಕೋರ್ಟು 2008ರಲ್ಲಿ ತೆಗೆದು ಹಾಕ್ತು, ಇದು ಎಲ್ಲರಿಗೂ ಆಗೋ ಸಾಮಾನ್ಯ ಲಾಭ, ಈ ಸೈಟಿಗೇ ಏನು ವಿಶೇಷ ಅಂತ ನೀವು ತೋರಿಸಿಲ್ಲ ಅಂತ.

ನಮ್ಮಲ್ಲಿ ಹೇಗೆ ಅನ್ನೋಕೆ ಮುಂಚೆ ಒಂದು ಮಾತು. ಅಸೋಸಿಯೇಷನ್ ಟ್ಯಾಕ್ಸ್ ಹಾಕಕ್ಕಾಗಲ್ಲ. ಕಾನೂನಿನ ಅಧಿಕಾರ ಇಲ್ದೆ ಯಾವ ತೆರಿಗೆನೂ ಹಾಕೋ ಹಾಗಿಲ್ಲ ಅಂತ ಸಂವಿಧಾನದ 265ನೇ ವಿಧಿನೇ ಹೇಳತ್ತೆ. ಹಾಗಾಗಿ ರಸೀದಿ ಮೇಲೆ ತೆರಿಗೆ, ಸೆಸ್, ದಂಡ ಅಂತೆಲ್ಲ ಬರೀಬೇಡಿ, ಪಾರ್ಕ್ ವಂತಿಗೆ ಅಂತ ಬರೀರಿ, ಕೊಡದೇ ಇದ್ದವರ ಹೆಸರನ್ನ ಗೇಟಿಗೆ ಅಂಟಿಸೋ ಬುದ್ಧಿವಂತಿಕೆನೂ ಬೇಡ. ಅಸೋಸಿಯೇಷನ್ನು ಸೊಸೈಟೀಸ್ ಆಕ್ಟ್ ಕೆಳಗೆ ರಿಜಿಸ್ಟರ್ ಆಗಿರಲಿ, ಅದರ ಹೆಸರಲ್ಲಿ ಪಾರ್ಕಿಗೇ ಅಂತ ಬೇರೆ ಬ್ಯಾಂಕ್ ಅಕೌಂಟ್ ಇರಲಿ. ಸೆಕ್ರೆಟರಿ ಮೊಬೈಲಿಗೆ ಯುಪಿಐ ಮಾಡಿಸ್ಕೊಳ್ಳೋದು ಬೇಡವೇ ಬೇಡ, ಎಷ್ಟೇ ಸತ್ಯವಂತರಾಗಿದ್ರೂ.

ಮತ್ತೆ ಪಾರ್ಕು ನಮ್ಮದಲ್ಲ, ಪಾಲಿಕೆದು. 2025ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಅಥಾರಿಟಿ ಕೆಳಗೆ ಐದು ಪಾಲಿಕೆ ಆಗಿವೆ, ನಿಮ್ಮ ಲೇಔಟು ಕೇಂದ್ರಕ್ಕೋ ದಕ್ಷಿಣಕ್ಕೋ ಪಶ್ಚಿಮಕ್ಕೋ ಯಾವುದಕ್ಕೆ ಸೇರತ್ತೆ ನೋಡ್ಕೊಂಡು ಅಲ್ಲಿನ ತೋಟಗಾರಿಕೆ ವಿಭಾಗದಿಂದ ಲಿಖಿತ ಒಪ್ಪಿಗೆ ತಗೊಳ್ಳಿ. ಅದರಲ್ಲಿ ಯಾವ ಕೆಲಸ ಅವರದು, ಯಾವುದು ನಮ್ಮದು ಅಂತ ಸಾಲು ಸಾಲಾಗಿ ಬರೆಸಿ. ಇದು ಯಾಕೆ ಮುಖ್ಯ ಅಂದ್ರೆ ನಾವು ಆಸ್ತಿ ತೆರಿಗೆ ಕಟ್ತಾನೇ ಇದೀವಿ, ಮತ್ತೆ ಯಾಕೆ ಕೊಡಬೇಕು ಅಂತ ಮೀಟಿಂಗಲ್ಲಿ ಎದ್ದೇಳೋ ಮೊದಲ ಪ್ರಶ್ನೆನೇ ಅದು, ನ್ಯಾಯವಾದ ಪ್ರಶ್ನೆ ಕೂಡ. ಪಾಲಿಕೆಯವರು ಮಾಡೋ ಕೆಲಸಕ್ಕೆ ನಮ್ಮ ವಂತಿಗೆ ಒಂದು ಪೈಸೆನೂ ಹೋಗಬಾರದು, ಅದರ ಮೇಲಿನದಕ್ಕೆ ಮಾತ್ರ. ಪಾರ್ಕಿನ ಕೆಲಸ ಕಾಂಟ್ರಾಕ್ಟಿಗೆ ಕೊಟ್ಟಿದ್ರೆ ಅದರ ವರ್ಕ್ ಆರ್ಡರ್ ಕಾಪಿ ಕೇಳಿ, ಸಿಗಲಿಲ್ಲ ಅಂದ್ರೆ ಹತ್ತು ರೂಪಾಯಿ ಶುಲ್ಕದ ಆರ್‌ಟಿಐ ಇದ್ದೇ ಇದೆ.

ಈಗ ಲೆಕ್ಕ. ಸಣ್ಣ ಪಾರ್ಕು, ಅರ್ಧ ಎಕರೆ ಅಂತ ಇಟ್ಕೊಳ್ಳಿ, ಈ ನಂಬರುಗಳು ಲೆಕ್ಕ ತೋರಿಸಕ್ಕೆ ಅಷ್ಟೇ, ನಿಮ್ಮದನ್ನ ನೀವು ಹಾಕ್ಕೊಳ್ಳಿ. ಮಾಲಿ ಸಂಬಳ ತಿಂಗಳಿಗೆ 15,000, ವರ್ಷಕ್ಕೆ 1,80,000. ನೀರಿಗೆ 24,000, ಕರೆಂಟು ಮೋಟಾರ್ ರಿಪೇರಿಗೆ 18,000, ಗೊಬ್ಬರ, ಪೈಪು, ಕತ್ತರಿ, ಪೊರಕೆ ಎಲ್ಲ ಸೇರಿ 12,000, ಜಾರುಬಂಡೆ ಉಯ್ಯಾಲೆ ರಿಪೇರಿ ಅಂತ ಎತ್ತಿಡೋದು 36,000. ಒಟ್ಟು 2,70,000. ಈ ಕೊನೇದನ್ನ ಮರೀಬೇಡಿ, ಉಯ್ಯಾಲೆ ಸರಪಳಿ ಒಂದು ದಿನ ಕಿತ್ತೋಗೇ ಹೋಗತ್ತೆ, ಅವತ್ತು ಮತ್ತೆ ರಸೀದಿ ಬುಕ್ ಹಿಡ್ಕೊಂಡು ಹೊರಟ್ರೆ ಇಷ್ಟೆಲ್ಲ ಮಾಡಿದ್ದು ದಂಡ. ನೀರಿನ ವಿಷಯದಲ್ಲೂ ಹುಷಾರು, 2024ರ ಮಾರ್ಚಲ್ಲಿ ಬೋರ್‌ವೆಲ್ಲೆಲ್ಲ ಬತ್ತಿ ಊರೇ ಒದ್ದಾಡ್ತಿದ್ದಾಗ ಗಿಡಕ್ಕೆ ಕುಡಿಯೋ ನೀರು ಹಾಕಿದ್ರೆ 5,000 ದಂಡ ಅಂತ ಜಲಮಂಡಳಿ ಆರ್ಡರ್ ಮಾಡಿತ್ತು, ಹಾಗಾಗಿ ಎಸ್ಟಿಪಿಯಲ್ಲಿ, ಅಂದ್ರೆ ಕೊಳಚೆ ನೀರಿನ ಘಟಕದಲ್ಲಿ ಶುದ್ಧ ಮಾಡಿದ ನೀರಿನ ಟ್ಯಾಂಕರ್ ಲೆಕ್ಕನೇ ಹಾಕ್ಕೊಳ್ಳಿ.

ಇದರಲ್ಲಿ ಊರಿನ ಪಾಲು ಮೊದಲು ತೆಗೀಬೇಕು. ಪಾರ್ಕುಗಳನ್ನ ಬೆಳಗ್ಗೆ 5ರಿಂದ ರಾತ್ರಿ 10ರವರೆಗೂ ತೆಗೆದಿಡಬೇಕು ಅಂತ 2024ರಲ್ಲಿ ಬಿಬಿಎಂಪಿ ಮಾಡಿದ ಮೇಲೆ ಡೆಲಿವರಿ ಹುಡುಗರು, ಆಟೋದವರು, ಪಕ್ಕದ ಬಡಾವಣೆಯ ವಾಕಿಂಗ್ ಅಜ್ಜಂದಿರು ಎಲ್ಲ ಬರ್ತಾರೆ, ಬರಲಿ, ಅದಕ್ಕೇ ಇರೋದು ಪಾರ್ಕು. ಆದ್ರೆ ಅವರ ಪಾಲಿನ ಖರ್ಚನ್ನ ಸೈಟಿನವರ ಮೇಲೆ ಹಾಕಬಾರದು. ಎಷ್ಟು ಅಂತ ಹೇಗೆ ತಿಳ್ಕೊಳ್ಳೋದು? ಒಂದು ಸೋಮವಾರ, ಒಂದು ಭಾನುವಾರ, ಬೆಳಗ್ಗೆ ಒಂದು ಗಂಟೆ, ಸಾಯಂಕಾಲ ಒಂದು ಗಂಟೆ, ಗೇಟ್ ಹತ್ರ ಕುರ್ಚಿ ಹಾಕ್ಕೊಂಡು ಬಂದವರನ್ನೆಲ್ಲ ಯಾವ ಕ್ರಾಸ್ ಸಾರ್ ನಿಮ್ಮದು ಅಂತ ಕೇಳಿ ಗೀಟು ಹಾಕೋದು. ನಾವು ಕಾಲೇಜ್ ಹುಡುಗರಿಬ್ಬರಿಗೆ ಕೊಟ್ಟಿದ್ವಿ, ಅವರು ನಾಯಿಗಳನ್ನೂ ಎಣಿಸಿದ್ರು, ಇರಲಿ. ಐದರಲ್ಲಿ ಒಬ್ಬರು ಹೊರಗಿನವರು ಅಂತ ಬಂದ್ರೆ 2,70,000ದಲ್ಲಿ 54,000 ಪಕ್ಕಕ್ಕೆ, ಅದನ್ನ ದಾನಿಗಳ ಹತ್ರನೋ, ಮೇನ್ ರೋಡಿನ ಅಂಗಡಿಯವರ ಹತ್ರನೋ, ಇಲ್ಲ ಪಾಲಿಕೆ ಹತ್ರನೋ ಕೇಳಬೇಕು. ಸೈಟುಗಳಿಗೆ ಹಂಚಬೇಕಾಗಿರೋದು 2,16,000.

ಹಂಚಕ್ಕೆ ಲೇಔಟ್ ಪ್ಲಾನಿನ ದೊಡ್ಡ ಜೆರಾಕ್ಸ್ ಒಂದು ಬೇಕು. ಡೈನಿಂಗ್ ಟೇಬಲ್ ಮೇಲೆ ಹರಡಿ ಪಾರ್ಕಿಗೆ ಹಸಿರು ಪೆನ್ಸಿಲ್, ಎದುರಿನ ಸೈಟಿಗೆ ಕೆಂಪು, ಎರಡು ಕ್ರಾಸ್ ಒಳಗಿನವಕ್ಕೆ ನೀಲಿ, ಅದರಾಚೆಗೆ ಬರೀ ಪೆನ್ಸಿಲ್ ಗೀಟು. ನೀಲಿ ಗೆರೆಯಲ್ಲಿರೋ ಒಂದು ಸಾಮಾನ್ಯ ಮನೆ, ಮೂವತ್ತಕ್ಕೆ ನಲವತ್ತು ಅಡಿ ಸೈಟು, ಒಂದೇ ಸಂಸಾರ, ಅದಕ್ಕೆ ಒಂದು ಪಾಲು. ಎದುರಿನ ಮನೆಗೆ ಒಂದೂವರೆ, ದೂರದವಕ್ಕೆ ಅರ್ಧ. 20 ಮನೆ ಎದುರಿಗಿದ್ರೆ 30 ಪಾಲು, ನಡುವೆ 72 ಮನೆ ಇದ್ರೆ 72, ದೂರದಲ್ಲಿ 40 ಮನೆ ಇದ್ರೆ 20. ನೀಲಿ ಗೆರೆಯಲ್ಲೇ 16 ಖಾಲಿ ಸೈಟು, ಅವಕ್ಕೆ ಅರ್ಧರ್ಧ, 8 ಪಾಲು. ಖಾಲಿ ಸೈಟಿನ ಓನರ್ ನಾನು ಇರೋದೇ ನ್ಯೂಜೆರ್ಸಿ ಅಂತಾರೆ, ಆದ್ರೆ ನಾಳೆ ಮಾರುವಾಗ ಬ್ರೋಕರ್ ಹಾಕೋ ಜಾಹೀರಾತಲ್ಲಿ ಪಾರ್ಕ್ ಹತ್ರ ಅಂತ ಮೊದಲ ಸಾಲಲ್ಲೇ ಇರತ್ತೆ, ಹಾಗಾಗಿ ಅರ್ಧ ಕೇಳೋದರಲ್ಲಿ ತಪ್ಪಿಲ್ಲ ಅನ್ನೋದು ನನ್ನ ಅಭಿಪ್ರಾಯ. ಇಲ್ಲಿಗೆ 130 ಆಯ್ತು. ಈ ಮನೆಗಳಲ್ಲೇ 4 ಪಿಜಿ ಇದ್ರೆ, ಮನೆಯ ಪಾಲಿನ ಮೇಲೆ ಅವಕ್ಕೆ ಎರಡೆರಡು ಪಾಲು ಹೆಚ್ಚು, 8. ಮಹಡಿ ಮೇಲೆ ಮಹಡಿ ಕಟ್ಟಿ ಬಾಡಿಗೆಗೆ ಬಿಟ್ಟಿರೋ 12 ಕಟ್ಟಡಕ್ಕೆ ಅರ್ಧರ್ಧ ಹೆಚ್ಚು, 6. ಒಟ್ಟು 144 ಪಾಲು.

2,16,000ನ 144ರಿಂದ ಭಾಗಿಸಿದ್ರೆ ಪಾಲಿಗೆ 1,500. ಅಂದ್ರೆ ಸಾಮಾನ್ಯ ಮನೆಗೆ ವರ್ಷಕ್ಕೆ 1,500, ತಿಂಗಳಿಗೆ 125, ಎದುರಿನವರಿಗೆ 2,250, ದೂರದವರಿಗೆ 750, ನಡುವಿನ ಕ್ರಾಸಿನ ಪಿಜಿಗೆ 4,500. ಕೇಳೋದು ಓನರ್ ಹತ್ರ, ಬಾಡಿಗೆದಾರರ ಹತ್ರ ಅಲ್ಲ, ಯಾಕಂದ್ರೆ ಬೆಲೆ ಏರೋದು ಸೈಟಿಗೆ.

ಎದುರಿನ ಮನೆಗೆ ಒಂದೂವರೆ ಅಂದಾಗ ಸುಮ್ನೆ ಒಪ್ಪಲ್ಲ, ತಯಾರಾಗಿರಿ. ನಮ್ಮಲ್ಲಿ ಗೇಟಿಗೆ ನೇರ ಎದುರು ಮನೆಯ ಆಂಟಿ ಎದ್ದು ನಿಂತು, "ಯಾವ ಲಾಭನಪ್ಪಾ ನಮಗೆ? ಬೆಳಗ್ಗೆ ಐದೂವರೆಗೆ ಆ ಲಾಫಿಂಗ್ ಕ್ಲಬ್ಬಿನವರು ಹಹ್ಹಹ್ಹಾ ಅಂತ ಶುರು ಮಾಡಿದ್ರೆ ನಮ್ಮೆಜಮಾನ್ರಿಗೆ ಬಿಪಿ ಏರತ್ತೆ, ಸಾಯಂಕಾಲ ನಮ್ಮ ಗೇಟ್ ಮುಂದೆ ಹನ್ನೆರಡು ಸ್ಕೂಟರ್ ನಿಂತಿರತ್ತೆ, ನೀವೇ ನಮಗೆ ದುಡ್ಡು ಕೊಡಬೇಕು" ಅಂದ್ರು. ಎಲ್ಲರೂ ನಕ್ಕರು, ಆದ್ರೆ ಅವರು ಹೇಳಿದ್ದು ಸರಿನೇ, ಕಷ್ಟನೂ ಲೆಕ್ಕಕ್ಕೆ ಬರಬೇಕು. ಅವರ ಪಾಲನ್ನ ಒಂದೂ ಕಾಲಕ್ಕೆ ಇಳಿಸೋಣ ಅಂತ ಒಬ್ಬರು, ಬೇಡ ಕಷ್ಟನೇ ತೆಗೆಯೋಣ ಅಂತ ಇನ್ನೊಬ್ಬರು. ಕೊನೆಗೆ ಲಾಫಿಂಗ್ ಕ್ಲಬ್ಬನ್ನ ಹಿಂದುಗಡೆ ಹೊಂಗೆ ಮರದ ಕೆಳಗೆ ಕಳಿಸಿ ಆರೂವರೆ ಟೈಮ್ ಕೊಟ್ವಿ, ಪಾಲು ಒಂದೂವರೆನೇ ಉಳೀತು, ಆಂಟಿ ಮಾರನೇ ದಿನವೇ ಚೆಕ್ ಕೊಟ್ರು. ಸ್ಕೂಟರ್ ಸಮಸ್ಯೆ ಇನ್ನೂ ಇದೆ.

ವೋಟು ಮಾಡಿಸಿ, ಕೈ ಎತ್ತಿಸಿ ಅಲ್ಲ, ಚೀಟಿಯಲ್ಲಿ. ಒಂದೂವರೆ ತಿಂಗಳು ಮುಂಚೆನೇ ಪ್ರತಿ ಓನರಿಗೂ ಒಂದು ಹಾಳೆ ಕೊಡಿ, ಅದರಲ್ಲಿ ಒಟ್ಟು ಖರ್ಚು, ಅವರ ಸೈಟಿನ ಪಾಲು, ಹೇಗೆ ಬಂತು, ಎಷ್ಟು ರೂಪಾಯಿ, ಇಷ್ಟಿರಲಿ, ಜೊತೆಗೆ ಆ ಬಣ್ಣದ ಮ್ಯಾಪಿನ ಜೆರಾಕ್ಸು. ಚೀಟಿಯ ತೂಕ ಪಾಲಿನಷ್ಟು. ಪಿಜಿಯವರಿಗೆ ಮೂರು ಪಾಲು ಅಂದ್ರೆ ವೋಟೂ ಮೂರು, ಇದನ್ನ ಹೇಳಿದ ಮೇಲೇ ನಮ್ಮ ಪಿಜಿ ಓನರ್ ಮೀಟಿಂಗಿಗೆ ಬಂದಿದ್ದು, ಬಂದು ಬೇಡ ಅಂತಲೇ ಹಾಕಿದ್ರು, ಪರವಾಗಿಲ್ಲ, ಸೋತ ಮೇಲೆ ಕೊಟ್ರು. ಅರ್ಧದಷ್ಟು ಚೀಟಿನೂ ವಾಪಸ್ ಬರಲಿಲ್ಲ ಅಂದ್ರೆ ಗೆದ್ದಿದೀವಿ ಅಂದ್ಕೋಬೇಡಿ, ಇನ್ನೊಂದು ತಿಂಗಳು ಕಾಯಿರಿ.

ವಸೂಲಿಗೆ ಏಪ್ರಿಲ್ ಒಳ್ಳೇದು. ಆಸ್ತಿ ತೆರಿಗೆಗೆ ಐದು ಪರ್ಸೆಂಟ್ ರಿಯಾಯಿತಿ ಅಂತ ಎಲ್ಲರೂ ಆಗಲೇ ಕಟ್ಟೋ ಮೂಡಲ್ಲಿರ್ತಾರೆ, ನೀವೂ ಏಪ್ರಿಲಲ್ಲಿ ಪೂರ್ತಿ ಕೊಟ್ಟವರಿಗೆ ಐದು ಪರ್ಸೆಂಟ್ ಬಿಡಿ, 1,500ಕ್ಕೆ 75 ರೂಪಾಯಿ ಉಳಿಸಕ್ಕೆ ಜನ ಓಡಿ ಬರ್ತಾರೆ, ನಂಬಿ. ಹತ್ತರಲ್ಲಿ ಎಂಟು ಬಂದ್ರೆ ಸಾಕು ಅಂತ ಬಜೆಟ್ ಮಾಡ್ಕೊಳ್ಳಿ.

ಖರ್ಚಲ್ಲಿ ಮುಟ್ಟಬಾರದವು ಎರಡಿವೆ. ಮರ. ಕೊಂಬೆ ವೈರಿಗೆ ತಾಗ್ತಿದೆ ಅಂತ ನೀವೇ ಆಳು ಕರೆಸಿ ಕಡಿಸಬೇಡಿ, 1976ರ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಮರದ ವಿಷಯ ಟ್ರೀ ಆಫೀಸರ್ ಹತ್ರನೇ ಹೋಗಬೇಕು. ಇನ್ನೊಂದು ಕಟ್ಟಡ. ದುಡ್ಡು ಸ್ವಲ್ಪ ಮಿಕ್ಕಿದ ತಕ್ಷಣ ಯಾರಾದ್ರೂ ಒಬ್ಬರು ಒಂದು ಸಣ್ಣ ದೇವಸ್ಥಾನ, ಒಂದು ಅಸೋಸಿಯೇಷನ್ ರೂಮು ಅಂತ ಶುರು ಮಾಡೇ ಮಾಡ್ತಾರೆ. ಪಾರ್ಕು, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ ಅಂತಲೇ 1985ರ ಕಾಯ್ದೆ ಇದೆ, ಅದರ ಕಾಪಿ ಒಂದು ಫೈಲಲ್ಲಿ ಇಟ್ಕೊಂಡಿರಿ, ಅಂಥ ಮಾತು ಬಂದಾಗ ತೆಗೆದು ಟೇಬಲ್ ಮೇಲಿಟ್ರೆ ಸಾಕು.

ತಿಂಗಳ ಲೆಕ್ಕ ಗೇಟಿನ ಬೋರ್ಡಿಗೆ ಒಂದು ಹಾಳೆಯಲ್ಲಿ ಹಾಕಿ, ಬಂದಿದ್ದು, ಹೋಗಿದ್ದು, ಮಿಕ್ಕಿದ್ದು. ಮಾಲಿ ಸಂಬಳ ಬ್ಯಾಂಕಿಗೇ ಹಾಕಿ. ಪಾಲಿನ ಪಟ್ಟಿ ಮಾತ್ರ ಪ್ರತಿ ಜನವರಿಯಲ್ಲಿ ಹೊಸದಾಗಿ ಮಾಡಬೇಕು, ಖಾಲಿ ಸೈಟಲ್ಲಿ ಮನೆ ಎದ್ದಿರತ್ತೆ, ಮನೆ ಪಿಜಿ ಆಗಿರತ್ತೆ, ಪಿಜಿ ಮುಚ್ಚಿರತ್ತೆ, ಪಾಲು ಹೆಚ್ಚಾದಂಗೆ ರೇಟು ಇಳಿಯತ್ತೆ. ನಮ್ಮಲ್ಲಿ ಹೋದ ಸಲ ಮೂರು ಖಾಲಿ ಸೈಟಿನವರು ಮನೆ ಕಟ್ಟಿದ್ರು, ಪೆನ್ಸಿಲ್ ತಗೊಂಡು ಅರ್ಧವನ್ನ ಒಂದು ಮಾಡಕ್ಕೆ ಕೂತಿದ್ದೆ, ಅಷ್ಟರಲ್ಲಿ ಮೂರನೇ ಮನೆಯವರು ತಾವೇ ಬಂದು ನಮ್ಮದು ಗೃಹಪ್ರವೇಶ ಆಗಿರೋದು ಮಾರ್ಚಲ್ಲಿ, ಈ ವರ್ಷಕ್ಕೆ ಅರ್ಧನೇ ಇರಲಿ ಅಂದ್ರು. ಕಮಿಟಿ ಇನ್ನೂ ತೀರ್ಮಾನ ಮಾಡಿಲ್ಲ.