ಸ್ಕೋಪಿಗಿಂತ ಮೊದಲು ರಿಂಗ್ ನೋಡಿ

ನಮ್ಮ ಕಾಸರಗೋಡಿನ ಬೆಳ್ಳೂರು, ದೇಲಂಪಾಡಿ, ಎಣ್ಮಕಜೆ ಕಡೆ ಕೋವಿ ಎಂದರೆ ಹೆಚ್ಚಾಗಿ ತೋಟೆಕೋವಿಯೇ. ಅದಕ್ಕೆ ಸ್ಕೋಪಿನ, ಅಂದರೆ ಗುರಿ ಹಿಡಿಯುವ ದುರ್ಬೀನಿನ ತಲೆಬಿಸಿ ಇಲ್ಲ. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರ 2022ರ ಮೇ ತಿಂಗಳಲ್ಲಿ ಕೇರಳದ ಪಂಚಾಯತುಗಳಿಗೆ ಸಿಕ್ಕಿದ ಮೇಲೆ, ಲೈಸನ್ಸ್ ಇದ್ದ ಕೆಲವರು ಹಂದಿ ಹೊಡೆಯುವವರ ಪಟ್ಟಿಗೆ ಹೆಸರು ಕೊಟ್ಟೆವು. ನನ್ನದು .315 ಬೋಲ್ಟ್ ರೈಫಲ್. ಬೇಟೆ ಎಂದು ನಾನು ಹೇಳುವುದು ಅಪ್ಪಣೆ ಇರುವ ಈ ಕೆಲಸವನ್ನು ಮಾತ್ರ. ಅಪ್ಪಣೆ ಇಲ್ಲದೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆ ಇದೆ.

ಸ್ಕೋಪ್ ಹಾಕಿಸುವವರು ಮೊದಲು ಕೇಳುವುದು ಎಷ್ಟು ಎಕ್ಸ್ (ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ), ಯಾವ ಕಂಪೆನಿ ಎಂದು. ಸ್ಕೋಪನ್ನು ಕೋವಿಗೆ ಹಿಡಿದಿಡುವ ರಿಂಗ್ ಮಾತ್ರ ಅಂಗಡಿಯವನು ಕೊಟ್ಟದ್ದೇ ಆಯಿತು. ಲೆಕ್ಕ ಹಾಕಿ ನೋಡಿ: ಎರಡು ರಿಂಗುಗಳ ನಡುವೆ 100 ಮಿ.ಮೀ. ಅಂತರ ಇದೆ ಎಂದಿಟ್ಟುಕೊಳ್ಳಿ. ಒಂದು ತುದಿ 0.1 ಮಿ.ಮೀ. ಜರುಗಿದರೆ 50 ಮೀಟರಿನಲ್ಲಿ ಗುಂಡು 5 ಸೆಂ.ಮೀ. ಆಚೆ ಬೀಳುತ್ತದೆ, 100 ಮೀಟರಿನಲ್ಲಿ 10 ಸೆಂ.ಮೀ. ಕೂದಲಿನಷ್ಟು ಸಡಿಲ ಸಾಕು, ಹಂದಿ ಗಾಯಗೊಂಡು ಕಾಡು ಸೇರುತ್ತದೆ. ಗಾಯದ ಹಂದಿ ಬೆಳಗ್ಗೆ ಸೊಪ್ಪಿಗೆ ಹೋಗುವವರ ಎದುರು ಸಿಕ್ಕಿದರೆ ಏನಾಗುತ್ತದೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರಿಂಗ್ ತೆಗೆದುಕೊಳ್ಳುವಾಗ ನಾನು ಮೊದಲು ನೋಡಿದ್ದು ಅಡಿಭಾಗ. ಆನ್‌ಲೈನ್ ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಏರ್‌ಗನ್ನಿನ 11 ಮಿ.ಮೀ. ಡವ್‌ಟೇಲ್ (ಓರೆ ಅಂಚಿನ) ರಿಂಗ್ ರೈಫಲಿನ ರೈಲಿಗೆ, ಅಂದರೆ ರಿಂಗ್ ಕೂರಿಸುವ ಲೋಹದ ಪಟ್ಟಿಗೆ, ಕೂರುವುದಿಲ್ಲ. ರೈಲಿನಲ್ಲೂ ಎರಡು ಬಗೆ: ವೀವರ್ ರೈಲಿನ ಗಾಡಿ (ಅಡ್ಡಕ್ಕೆ ಕೊರೆದ ಸಂದು) 4.57 ಮಿ.ಮೀ. ಅಗಲ, ಪಿಕಾಟಿನಿಯದ್ದು 5.23. ವೀವರ್ ರಿಂಗ್ ಪಿಕಾಟಿನಿ ರೈಲಿಗೆ ಸಾಮಾನ್ಯವಾಗಿ ಕೂರುತ್ತದೆ. ಪಿಕಾಟಿನಿ ರಿಂಗನ್ನು ರೈಲಿಗೆ ಬಿಗಿಯುವ ದಪ್ಪ ಅಡ್ಡಬೋಲ್ಟ್ ವೀವರ್ ಗಾಡಿಗೆ ಇಳಿಯುವುದಿಲ್ಲ. ಸ್ಕೋಪಿನ ಟ್ಯೂಬ್ ಒಂದು ಇಂಚಿನದೋ (25.4) 30 ಮಿ.ಮೀ.ಯದೋ ಅಳೆದೇ ತರಬೇಕು. 30ರ ರಿಂಗಿಗೆ ಟೇಪ್ ಸುತ್ತಿ ಇಂಚಿನ ಸ್ಕೋಪ್ ಕೂರಿಸಿದ ಮಹಾನುಭಾವರೂ ಇದ್ದಾರೆ.

ಎತ್ತರ ಆದಷ್ಟು ಕಡಿಮೆ ಇರಲಿ. ಸ್ಕೋಪಿನ ಮುಂದಿನ ಗಾಜು ಇರುವ ಅಗಲದ ತುದಿಗೂ ನಳಿಗೆಗೂ ನಡುವೆ 3 ಮಿ.ಮೀ. ಇದ್ದರೆ ಸಾಕು, ಆದರೆ ಬೋಲ್ಟಿನ ಹಿಡಿ ಎತ್ತುವಾಗ ಸ್ಕೋಪಿಗೆ ತಾಗಬಾರದು. ಎತ್ತರ ಹೆಚ್ಚಾದರೆ ಕೆನ್ನೆ ಕುಂದದ (ಕೋವಿಯ ಹಿಂಭಾಗದ) ಮೇಲೆ ನಿಲ್ಲದು. ರಾತ್ರಿ ಹೆಡ್‌ಲೈಟಿನಲ್ಲಿ ಕಣ್ಣು ಸ್ಕೋಪನ್ನು ಹುಡುಕುತ್ತಾ ಇರುತ್ತದೆ.

ಲೋಹದ ಬಗ್ಗೆ ವಾದ ಮುಗಿಯುವಂಥದ್ದಲ್ಲ. ಉಕ್ಕು ಗಟ್ಟಿ, ಆದರೆ ನಮ್ಮ ಮಳೆಗೆ ತುಕ್ಕು. 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಹಗುರ, ಚೆನ್ನಾಗಿ ಕಡೆದದ್ದಾದರೆ ಧಾರಾಳ ಸಾಕು. ನಾನು ಉಕ್ಕನ್ನೇ ಆರಿಸಿದೆ, ಎಣ್ಣೆ ಒರೆಸುವುದು ಹೇಗೂ ಇದ್ದದ್ದೇ. ಎರಕ ಹೊಯ್ದ ಅಗ್ಗದ ಮಾಲು ಮಾತ್ರ ಬೇಡ. ಅದನ್ನು ಹಿಡಿಯಲು ಒಂದು ಉಪಾಯ: ಎರಡು ರಿಂಗುಗಳ ಕೆಳಭಾಗವನ್ನು ರೈಲಿಗೆ ಬಿಗಿದು ಸ್ಕೋಪನ್ನು ಸುಮ್ಮನೆ ಮಲಗಿಸಿ. ಒಂದು ರಿಂಗಿನ ಮುಚ್ಚಳ ಬಿಗಿಯುವಾಗ ಇನ್ನೊಂದರಿಂದ ಟ್ಯೂಬ್ ಮೇಲೆದ್ದರೆ ಎರಡೂ ಒಂದೇ ಗೆರೆಯಲ್ಲಿಲ್ಲ. ಹಾಗೆಯೇ ಬಿಗಿದರೆ ಟ್ಯೂಬ್ ಬಾಗುತ್ತದೆ, ಒಳಗಿನ ಹೊಂದಾಣಿಕೆ ಕೆಡುತ್ತದೆ.

ಬಿಗಿಯುವುದರಲ್ಲೇ ಹೆಚ್ಚಿನವರು ಕೆಡಿಸುವುದು. ಮುಚ್ಚಳದ ಸ್ಕ್ರೂಗಳಿಗೆ 15ರಿಂದ 18 ಇಂಚ್-ಪೌಂಡ್, ಅಂದರೆ ಸುಮಾರು 2 ನ್ಯೂಟನ್ ಮೀಟರ್ ಬಿಗಿ (ಟಾರ್ಕ್) ಸಾಕು. ಅಡ್ಡಬೋಲ್ಟಿಗೆ ತಯಾರಕರ ಕಾಗದದಲ್ಲಿ ಇದ್ದಷ್ಟು. ಗ್ಯಾರೇಜಿನ ಟಾರ್ಕ್ ವ್ರೆಂಚ್ ಇಷ್ಟು ಕೆಳಗಿನ ಅಳತೆಗೆ ಬರುವುದಿಲ್ಲ, ಸಣ್ಣ ಟಾರ್ಕ್ ಡ್ರೈವರ್ ತರಿಸಬೇಕು. ಸ್ಪಿರಿಟಿನಲ್ಲಿ ಎಣ್ಣೆ ಒರೆಸಿ, ಮುಚ್ಚಳದ ಎರಡೂ ಬದಿಯ ಸಂದು ಸಮ ಉಳಿಯುವಂತೆ ಕರ್ಣರೇಖೆಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಇನ್ನೊಂದು, ಅಡ್ಡಬೋಲ್ಟ್ ಬಿಗಿಯುವ ಮೊದಲು ರಿಂಗ್ ಸಮೇತ ಸ್ಕೋಪನ್ನು ನಳಿಗೆಯ ಬಾಯಿಯ ಕಡೆ ಒತ್ತಿ ಹಿಡಿಯಿರಿ. ಈಡು ಹಾರಿದಾಗ ರೈಫಲ್ ಹಿಂದೆ ಸರಿಯುತ್ತದೆ, ಸ್ಕೋಪ್ ಇದ್ದಲ್ಲೇ ನಿಲ್ಲಲು ನೋಡುತ್ತದೆ. ಅಡ್ಡಬೋಲ್ಟ್ ಮೊದಲೇ ಗಾಡಿಯ ಮುಂಗೋಡೆಗೆ ಆತುಕೊಂಡಿದ್ದರೆ ಜರುಗಲು ಜಾಗವೇ ಇಲ್ಲ.

ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಒಪ್ಪಿಸಬೇಕಾಗುತ್ತದೆ. ಆಗ ನಾನು ಸ್ಕೋಪ್ ಬಿಚ್ಚಿ ಮನೆಯಲ್ಲಿಡುತ್ತೇನೆ. ಮುಚ್ಚಳ ಮುಟ್ಟುವುದಿಲ್ಲ, ಅಡ್ಡಬೋಲ್ಟ್ ಸಡಿಲಿಸಿ ರಿಂಗ್ ಸಮೇತ ತೆಗೆಯುವುದು. ಯಾವ ಗಾಡಿ ಎಂಬುದಕ್ಕೆ ನೈಲ್‌ಪಾಲಿಷಿನ ಗುರುತು. ರಿಂಗಿನ ನಿಜವಾದ ಪರೀಕ್ಷೆ ಇದೇ: ರೇಂಜಿನಲ್ಲಿ ಮೂರು ಗುಂಡು, ಬಿಚ್ಚಿ ಅದೇ ಗಾಡಿಗೆ ಅದೇ ಬಿಗಿಯಲ್ಲಿ ಕೂರಿಸಿ ಮತ್ತೆ ಮೂರು. ಎರಡು ಗುಂಪುಗಳು ಒಂದರ ಮೇಲೊಂದು ಬಿದ್ದರೆ ಆ ರಿಂಗನ್ನು ನಂಬಬಹುದು.

“ಮಾವಾ, ಅಷ್ಟು ದುಡ್ಡು ರಿಂಗಿಗೇ ಹಾಕಿದ್ರೆ ಸ್ಕೋಪಿಗೆ ಎಂತ ಉಳೀತದೆ?” ಎಂದು ಪಟ್ಟಿಗೆ ಹೊಸದಾಗಿ ಸೇರಿದ ನೆರೆಯ ಹುಡುಗ ಕೇಳಿದ. ಉಳಿದದ್ದರಲ್ಲಿ ಸಾದಾ 4 ಎಕ್ಸ್ ತಗೋ ಎಂದೆ. ನಮ್ಮ ತೋಟಗಳಲ್ಲಿ ಹಂದಿ ಐವತ್ತು ಮೀಟರಿನ ಒಳಗೇ ಸಿಗುವುದು.