ಎಂಬತ್ತರಿಂದ ಎಣಿಸಿ

ಮಾತಾಡಲು ಹೊರಟರೆ ಯಾರೋ ಗಂಟಲು ಹಿಸುಕಿದಂತಾಗಿ ದನಿ ತುಂಡಾಗುತ್ತದೆ. ಪಿಸುಗುಟ್ಟಿದರೆ, ನಕ್ಕರೆ ಎಷ್ಟೋ ಸಲ ಸರಾಗ. ಇದು ಸ್ಪಾಸ್ಮೋಡಿಕ್ ಡಿಸ್ಫೋನಿಯಾ. ತೊಂದರೆ ಇರುವುದು ಧ್ವನಿತಂತುಗಳಿಗೆ ಮಿದುಳಿನಿಂದ ಬರುವ ಅಪ್ಪಣೆಯಲ್ಲಿ. ತಂತುಗಳು ನೋಡಲು ಚೆನ್ನಾಗಿಯೇ ಇರುವುದರಿಂದ ‘ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’ ಎಂದು ಕಳಿಸಿಬಿಡುತ್ತಾರೆ. ನನ್ನ ಬಳಿ ಬಂದ ಶಿಕ್ಷಕಿಯೊಬ್ಬರು ಹಾಗೆ ನಾಲ್ಕು ವರ್ಷ ಅಲೆದಿದ್ದರು.

ಗಂಟಲೊಳಗೆ ನೋಡುವ ಸ್ಕೋಪ್ ಹಾಕುವ ಮುಂಚೆ ನಾನು ಎಂಬತ್ತರಿಂದ ಎಣಿಸಿ ಎನ್ನುತ್ತೇನೆ. ಎಂಬತ್ತು, ಎಂಬತ್ತೊಂದು, ಎಂಬತ್ತೆರಡು... ಪ್ರತಿ ಸಲವೂ ಸ್ವರದಿಂದ ಶುರು. ಈ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ತಂತುಗಳು ಬಿಗಿದು ಮುಚ್ಚಿಕೊಳ್ಳುವ ಬಗೆಯಾದರೆ ದನಿ ತುಂಡಾಗುವುದು ಅಲ್ಲೇ ಕಿವಿಗೆ ಬೀಳುತ್ತದೆ. ತಂತುಗಳು ಹೊತ್ತಲ್ಲದ ಹೊತ್ತಿಗೆ ತೆರೆದುಕೊಳ್ಳುವ ಬಗೆಗೆ ಇಂಗ್ಲಿಷಿನಲ್ಲಿ ಅರವತ್ತರಿಂದ ಎಣಿಸುತ್ತಾರೆ. ‘ಸಿಕ್ಸ್ಟಿ’ಯ ಸಕಾರದಂತೆ ಹ, ಕ, ತ, ಪಗಳನ್ನು ಆಡುವಾಗಲೂ ತಂತುಗಳು ತೆರೆಯಬೇಕು, ಈ ಬಗೆ ಸಿಕ್ಕಿಬೀಳುವುದು ಅಲ್ಲೇ. ಕನ್ನಡದ ‘ಅರವತ್ತು’ ಸ್ವರದಿಂದ ಶುರುವಾಗುವುದರಿಂದ ಅದಕ್ಕೆ ಒದಗದು. ‘ಹಾಲು, ಹಣ್ಣು, ಹಪ್ಪಳ’ ಹೇಳಿಸುತ್ತಿದ್ದೆ. ಹಕಾರ ಬಿಟ್ಟು ಆಡುವವರು ‘ಆಲು, ಅಣ್ಣು’ ಎಂದಾಗ ಪರೀಕ್ಷೆಯೇ ಕೆಟ್ಟಿತು. ಈಗ ‘ಕಾಫಿ ಪುಡಿ, ತಟ್ಟೆ, ಪಾತ್ರೆ’.

ಚಿಕಿತ್ಸೆ, ಸ್ನಾಯುವನ್ನು ಕೆಲಕಾಲ ಸಡಿಲಿಸುವ ಬೋಟುಲಿನಮ್ ಟಾಕ್ಸಿನ್ ಇಂಜೆಕ್ಷನ್. 1984ರಲ್ಲಿ ನ್ಯೂಯಾರ್ಕಿನ ಆಂಡ್ರೂ ಬ್ಲಿಟ್ಜರ್ ಇದನ್ನು ಧ್ವನಿಪೆಟ್ಟಿಗೆಗೆ ಮೊದಲು ಬಳಸಿದರು. ಅರಿವಳಿಕೆ ಕೊಟ್ಟು ಮಲಗಿಸಬೇಕಿಲ್ಲ, ಓಪಿಡಿಯಲ್ಲೇ ಆಗುತ್ತದೆ. 100 ಯೂನಿಟ್ ವಯಲ್‌ಗೆ 8 ಮಿ.ಲೀ. ಸಲೈನ್ ಬೆರೆಸಿದರೆ 0.1 ಮಿ.ಲೀ.ಗೆ 1.25 ಯೂನಿಟ್. ಸ್ನಾಯುವಿನ ವಿದ್ಯುತ್ ಮಿಡಿತವನ್ನು ಸದ್ದಾಗಿ ಕೇಳಿಸುವ ಇಎಂಜಿ ಯಂತ್ರಕ್ಕೆ ಜೋಡಿಸಿದ ಸೂಜಿಯನ್ನು ಕತ್ತಿನ ಮುಂಭಾಗದಿಂದ ಒಳಗಿಟ್ಟು, ‘ಈ... ಎನ್ನಿ ಅಮ್ಮಾ, ಉಗುಳು ನುಂಗಬೇಡಿ’ ಎನ್ನುತ್ತೇನೆ. ಸ್ನಾಯು ಸಿಕ್ಕಿದ್ದರೆ ಯಂತ್ರದಲ್ಲಿ ಒಗ್ಗರಣೆಯ ಸಾಸಿವೆ ಸಿಡಿದ ಸದ್ದು. ಆ ಸದ್ದು ಬಾರದೆ ಔಷಧ ಬಿಡುವುದಿಲ್ಲ.

ಮೊದಮೊದಲು ಒಬ್ಬರಿಗೆ ಪ್ರತಿ ಬದಿಗೆ 2.5 ಯೂನಿಟ್ ಹಾಕಿದೆ. ತಿಂಗಳು ದಾಟಿದರೂ ಅವರ ದನಿ ಬರೀ ಗಾಳಿ. ನೀರು ಕುಡಿದರೆ ನೆತ್ತಿಗೇರುತ್ತಿತ್ತು. ಹೀಗಾಗಬಹುದೆಂದು ಮೊದಲೇ ಹೇಳಿರಲಿಲ್ಲ, ಅದು ನನ್ನದೇ ತಪ್ಪು. ಈಗ 1 ಯೂನಿಟ್‌ನಿಂದ ಶುರುಮಾಡುತ್ತೇನೆ. ಗದ್ದ ತಗ್ಗಿಸಿ ಗುಟುಕು ಗುಟುಕಾಗಿ ಕುಡಿಯುವುದನ್ನು ಅಲ್ಲೇ ಕೂರಿಸಿ ಕಲಿಸುತ್ತೇನೆ, ಮನೆಯವರನ್ನೂ ಕರೆದು.

ಔಷಧದ ಗುಣ ಸುಮಾರು ಮೂರ್ನಾಲ್ಕು ತಿಂಗಳು, ಆಮೇಲೆ ಮತ್ತೆ ಬರಬೇಕು. ಹಾಗಾಗಿ ದನಿಯ ದಿನಚರಿ ಬರೆಸುತ್ತೇನೆ. ಶಿಕ್ಷಕಿಯ ಪುಸ್ತಕದಲ್ಲಿ ಗಾಳಿದನಿ 11 ದಿನ, ಆಮೇಲೆ 14ನೇ ವಾರದವರೆಗೂ ಒಳ್ಳೆಯ ದನಿ. ಪ್ರಮಾಣ ಬದಲಿಸಲಿಲ್ಲ. ಮುಂದಿನ ಇಂಜೆಕ್ಷನ್ನನ್ನು ದಸರಾ ರಜೆಯ ಮೊದಲ ದಿನಕ್ಕೆ ಬರೆದುಕೊಂಡೆವು.