ಅಂಗವಿಕಲ ಮಾಜಿ ಯೋಧರಿಗೆ ಪ್ರಯಾಣ ರಿಯಾಯಿತಿ: ಪಡೆಯುವುದು ಹೇಗೆ?

ಗಡಿಯಲ್ಲಿ ಕಾಲು ಕಳೆದುಕೊಂಡವರು, ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದವರು ಇಂದಿಗೂ ರೈಲಿನಲ್ಲಿ ಪೂರ್ಣ ದರ ತೆತ್ತು ಓಡಾಡುವುದುಂಟು. ಪಿಂಚಣಿ ಆದೇಶ ಪತ್ರ ತೋರಿಸಿದರೆ ಸಾಕೆಂದು ನಂಬಿ ಟಿಕೆಟ್ ಕೌಂಟರಿಗೆ ಹೋಗಿ ಬರಿಗೈಯಲ್ಲಿ ಮರಳುತ್ತಾರೆ. ಈ ರಿಯಾಯಿತಿ ಸಿಗುವುದು ಅಂಗವೈಕಲ್ಯದ ಆಧಾರದ ಮೇಲೆ, ಸೇವೆಯ ಆಧಾರದ ಮೇಲಲ್ಲ. ಹಾಗಾಗಿ ನಾಗರಿಕ ದಾಖಲೆಗಳನ್ನು ಪ್ರತ್ಯೇಕವಾಗಿ ಮಾಡಿಸಿಕೊಳ್ಳಲೇಬೇಕು.

ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಆಧಾರ್, ಭಾವಚಿತ್ರದೊಂದಿಗೆ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗಿ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕ, ಸೇನೆಯ ವೈದ್ಯಕೀಯ ಮಂಡಳಿಯ ವರದಿಗಳನ್ನೂ ಜೊತೆಗೊಯ್ಯಿರಿ. ಗಾಯದ ಹಿನ್ನೆಲೆ ವೈದ್ಯರಿಗೆ ತಿಳಿಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಅಂಗವೈಕಲ್ಯ ಪಿಂಚಣಿ ಲೆಕ್ಕ ಹಾಕುವಾಗ ಸೇನೆ ಶೇ 50ಕ್ಕಿಂತ ಕಡಿಮೆ ಇರುವುದನ್ನು ಶೇ 50ಕ್ಕೆ, ಶೇ 50ರಿಂದ 75ರವರೆಗಿನದನ್ನು ಶೇ 75ಕ್ಕೆ, ಅದಕ್ಕೂ ಮೇಲಿನದನ್ನು ಶೇ 100ಕ್ಕೆ ಏರಿಸುತ್ತದೆ. ಇದು ಪಿಂಚಣಿಗಷ್ಟೇ ಅನ್ವಯ. ಶೇ 30ರಷ್ಟು ಊನವಿದ್ದವರ ಆದೇಶ ಪತ್ರದಲ್ಲಿ 50 ಎಂದಿದ್ದರೂ ಯುಡಿಐಡಿಯಲ್ಲಿ ಬರುವುದು ವೈದ್ಯರು ಈಗ ಅಳೆದ ಪ್ರಮಾಣವೇ. ಹಲವು ಸವಲತ್ತುಗಳಿಗೆ ಕನಿಷ್ಠ ಶೇ 40 ಬೇಕು. ಈ ವ್ಯತ್ಯಾಸ ಕಂಡು ಅನ್ಯಾಯವಾಯಿತೆಂದು ಕುಗ್ಗಬೇಡಿ. ನಿಮ್ಮ ಪಿಂಚಣಿಗೆ ಇದರಿಂದ ಧಕ್ಕೆಯಿಲ್ಲ.

ಎರಡನೆಯದು ರೈಲ್ವೆಯ ದಿವ್ಯಾಂಗಜನ ಗುರುತಿನ ಚೀಟಿ. ಇದಕ್ಕೆ ರೈಲ್ವೆಯದೇ ನಮೂನೆಯ ಪ್ರಮಾಣಪತ್ರವನ್ನು ಸರ್ಕಾರಿ ವೈದ್ಯರಿಂದ ಪಡೆಯಬೇಕು. ಕೈಕಾಲಿನ ಊನವಿರುವವರ ನಮೂನೆಯಲ್ಲಿ ‘ಸಹಾಯಕರಿಲ್ಲದೆ ಪ್ರಯಾಣಿಸಲಾರರು’ ಎಂಬ ಅರ್ಥದ ಸಾಲಿರುತ್ತದೆ. ರಿಯಾಯಿತಿ ನಿಂತಿರುವುದೇ ಆ ಸಾಲಿನ ಮೇಲೆ. ವೈದ್ಯರ ಸಹಿ, ಮೊಹರು ಸ್ಪಷ್ಟವಾಗಿವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ಬಳಿಕ ರೈಲ್ವೆಯ ದಿವ್ಯಾಂಗಜನ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ.

ಚೀಟಿ ಬಂದರೆ ಸಾಮಾನ್ಯ ರೈಲುಗಳ ಸ್ಲೀಪರ್, ಎಸಿ ಮೂರನೇ ದರ್ಜೆ ಹಾಗೂ ಚೇರ್ ಕಾರ್‌ಗಳಲ್ಲಿ ಮೂಲ ದರದ ಶೇ 75, ಎಸಿ ಮೊದಲ ಮತ್ತು ಎರಡನೇ ದರ್ಜೆಗಳಲ್ಲಿ ಶೇ 50 ರಿಯಾಯಿತಿ. ಜೊತೆಗೆ ಬರುವ ಒಬ್ಬ ಸಹಾಯಕರಿಗೂ ಅಷ್ಟೇ. 2020ರ ಮಾರ್ಚ್‌ನಲ್ಲಿ ನಿಂತದ್ದು ಹಿರಿಯ ನಾಗರಿಕರ ರಿಯಾಯಿತಿ, ಇದಲ್ಲ. ‘ಈಗ ಎಲ್ಲವೂ ರದ್ದಾಗಿದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಯ್ದಿರಿಸುವಾಗ ದಿವ್ಯಾಂಗಜನ ಕೋಟಾವನ್ನೇ ಆರಿಸಿ, ಪ್ರಯಾಣದಲ್ಲಿ ಮೂಲ ಚೀಟಿ ಇಟ್ಟುಕೊಳ್ಳಿ.

ಕೆಎಸ್‌ಆರ್‌ಟಿಸಿಯಲ್ಲಿ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯ ರಿಯಾಯಿತಿ ಪಾಸ್‌ಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಪ್ರತಿ ವರ್ಷ ನವೀಕರಿಸಬೇಕು.

ವಿಮಾನದಲ್ಲಿ ಹೋಗುವವರು ಗಾಲಿಕುರ್ಚಿ ಬೇಕೆಂದು 48 ಗಂಟೆ ಮೊದಲೇ ಸಂಸ್ಥೆಗೆ ತಿಳಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಟೋಲ್ ವಿನಾಯಿತಿ ಎಲ್ಲ ಮಾಜಿ ಸೈನಿಕರಿಗೂ ಇಲ್ಲ. ಪರಮವೀರ ಚಕ್ರದಿಂದ ಶೌರ್ಯ ಚಕ್ರದವರೆಗಿನ ಪದಕ ಪಡೆದವರಿಗೆ ಹಾಗೂ ಅಂಗವಿಕಲರ ಬಳಕೆಗೆಂದೇ ವಿಶೇಷವಾಗಿ ರೂಪಿಸಿದ ವಾಹನಗಳಿಗೆ ಇದೆ.

ದಾಖಲೆ ಜೋಡಿಸುವಾಗ ಗೊಂದಲವಾದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ ವಿಚಾರಿಸಿ.